ಮೆಮೊರಿ ಸಾಲದಿದ್ದಾಗ ಯಾವ ಆ್ಯಪ್ ಸಾಯಬೇಕು? ಆ ಪಟ್ಟಿ ಬರೆದವರ ಚರಿತ್ರೆ

ಬಾಗಲಕೋಟೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆ ಒಂದು ಸಾವಿನ ಬಗ್ಗೆ. ಗಾಬರಿ ಆಗಬೇಡ್ರಿ, ಮನುಷ್ಯರ ಸಾವಲ್ಲ. ನಿಮ್ಮ ಫೋನಿನೊಳಗೆ ದಿನಾ ನಡೆಯೋ, ನಿಮಗೆ ಯಾರೂ ತಿಳಿಸದ ಸಾವು.

ಒಂದು ಸಂದರ್ಭ ನೆನಪು ಮಾಡ್ಕೋರಿ. ಫೋನಿನಲ್ಲಿ ಯಾವುದೋ ಅರ್ಜಿ ತುಂಬ್ತಾ ಇದ್ದೀರಿ. ಹೆಸರು, ಊರು, ಪಿನ್‌ಕೋಡ್, ಬ್ಯಾಂಕ್ ಖಾತೆ ನಂಬರ್ ಎಲ್ಲ ಹಾಕಿ ಆಯ್ತು. ಓಟಿಪಿ ಬಂತು. ಅದನ್ನ ನೋಡೋಕೆ ಮೆಸೇಜ್ ತೆರೆದ್ರಿ. ಆರು ಅಂಕಿ ಬಾಯಲ್ಲೇ ಜಪಿಸ್ತಾ ವಾಪಸ್ ಬಂದ್ರೆ, ಆ್ಯಪ್ ಮೊದಲಿನಿಂದ ಶುರು ಆಗಿದೆ. ಮತ್ತೆ ಅದೇ ಲೋಗೋ, ಅದೇ ಸ್ವಾಗತ, ಖಾಲಿ ಫಾರ್ಮು. ಏನಾಯ್ತು ಅಂತ ಒಂದು ಸಾಲಿನ ಸೂಚನೆಯೂ ಇಲ್ಲ.

ಇಂಥ ಹೊತ್ತಿನಲ್ಲಿ ನಾವು "ನೆಟ್ ಹೋತು" ಅಂತೀವಿ, ಇಲ್ಲಾ "ಈ ಆ್ಯಪೇ ಸರಿ ಇಲ್ಲ" ಅಂತ ಬೈತೀವಿ. ಆದ್ರೆ ಬಹಳ ಸಲ ಆ ಆ್ಯಪ್ ತಾನಾಗಿ ಬಿದ್ದಿರೋದಿಲ್ಲ. ಫೋನಿನ ಆಪರೇಟಿಂಗ್ ಸಿಸ್ಟಮ್ ಅದನ್ನ ಬೇಕಂತಲೇ ಕೊಂದಿರ್ತದೆ. ಯಾಕೆ ಕೊಂದ್ತು, ಅದನ್ನೇ ಯಾಕೆ ಆರಿಸಿಕೊಳ್ತು, ಆರಿಸೋ ನಿಯಮ ಬರೆದವರು ಯಾರು? ಈ ಮೂರು ಪ್ರಶ್ನೆಗೆ ಸುಮಾರು ಮೂವತ್ತು ವರ್ಷದ ಚರಿತ್ರೆ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಫೋನಿನ ಡಬ್ಬಿ ಮೇಲೆ 4 ಜಿಬಿ, 64 ಜಿಬಿ ಅಂತ ಎರಡು ಅಂಕಿ ಇರ್ತಾವೆ. 64 ಅನ್ನೋದು ಸ್ಟೋರೇಜ್. ಕಿರಾಣಿ ಅಂಗಡಿಯ ಹಿಂದಿನ ಗೋದಾಮು ಅಂದ್ಕೋರಿ. ಫೋಟೋ, ಹಾಡು, ಇನ್‌ಸ್ಟಾಲ್ ಮಾಡಿದ ಆ್ಯಪ್ ಎಲ್ಲ ಅಲ್ಲಿ ಇರ್ತಾವೆ. ಫೋನ್ ಆಫ್ ಮಾಡಿದ್ರೂ ಉಳೀತಾವೆ. 4 ಅನ್ನೋದು ರ‍್ಯಾಮ್. ಅದು ಅಂಗಡಿಯ ಮುಂದಿನ ಕಟ್ಟೆ. ಈ ಕ್ಷಣಕ್ಕೆ ತೂಕ ಮಾಡ್ತಾ ಇರೋ, ಲೆಕ್ಕ ಬರೀತಾ ಇರೋ ಸಾಮಾನಿಗೆ ಮಾತ್ರ ಅಲ್ಲಿ ಜಾಗ. ಇವತ್ತಿನ ಕಥೆ ಈ ಕಟ್ಟೆ ತುಂಬಿ ಹೋದಾಗಿನದು.

ಇಲ್ಲದ ಜಾಗಕ್ಕೆ ಮಾತು ಕೊಡೋದು

ನಾನು ಓದಿದ್ದು ಬಿ.ಕಾಂ. ಪ್ರೋಗ್ರಾಮಿಂಗ್ ನನ್ನ ವಿಷಯ ಅಲ್ಲ. ಆದ್ರೆ ಈ ಕಥೆಯ ಬೇರು ಹುಡುಕಿಕೊಂಡು ಹೋದ್ರೆ ನಮ್ಮ ಬ್ಯಾಂಕಿಂಗ್ ಪಾಠಕ್ಕೇ ಬಂದು ನಿಂತ ಹಂಗಾಯ್ತು. ನಾವು ಬ್ಯಾಂಕಿನಲ್ಲಿ ಇಟ್ಟ ದುಡ್ಡು ಪೂರ್ತಿ ತಿಜೋರಿಯಲ್ಲಿ ಕೂತಿರೋದಿಲ್ಲ. ಬಹುಪಾಲು ಸಾಲವಾಗಿ ಹೊರಗೆ ಹೋಗಿರ್ತದೆ. ಠೇವಣಿ ಇಟ್ಟವರೆಲ್ಲ ಒಂದೇ ದಿನ ಬಂದು ವಾಪಸ್ ಕೇಳೋದಿಲ್ಲ ಅನ್ನೋ ನಂಬಿಕೆ ಮೇಲೆ ವ್ಯವಹಾರ ನಡೀತದೆ. ನಮ್ಮ ಕಡೆ ಮದುವೆ ಊಟದ ಲೆಕ್ಕವೂ ಹಂಗೇ. ಕಾರ್ಡ್ ಹಂಚಿದ್ದು ಸಾವಿರ, ಅಡುಗೆಯವರಿಗೆ ಹೇಳಿದ್ದು ಏಳುನೂರು ಎಲೆ.

ಲಿನಕ್ಸ್ ಕೂಡ ಇದೇ ಲೆಕ್ಕದಲ್ಲಿ ನಡೀತದೆ. ಲಿನಕ್ಸ್ ಅಂದ್ರೆ 1991ರಲ್ಲಿ ಫಿನ್ಲೆಂಡ್‌ನ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಆಪರೇಟಿಂಗ್ ಸಿಸ್ಟಮ್. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ತಿರುಳು ಇವತ್ತಿಗೂ ಅದೇ. ಒಂದು ಪ್ರೋಗ್ರಾಮ್ ಬಂದು "ನನಗೆ 100 ಎಂಬಿ ಮೆಮೊರಿ ಬೇಕು" ಅಂದ್ರೆ, ಲಿನಕ್ಸ್ ಸಾಮಾನ್ಯವಾಗಿ "ಆಯ್ತು, ತಗೋ" ಅಂತದೆ. ಕೈಗೆ ಮಾತ್ರ ಏನೂ ಕೊಟ್ಟಿರೋದಿಲ್ಲ. ಪ್ರೋಗ್ರಾಮ್ ನಿಜವಾಗಿ ಬರೆಯೋಕೆ ಶುರು ಮಾಡಿದಾಗಲೇ ಸ್ವಲ್ಪ ಸ್ವಲ್ಪ ಜಾಗ ಸಿಗ್ತದೆ. ಇದಕ್ಕೆ ಓವರ್‌ಕಮಿಟ್ ಅಂತಾರೆ. ಇದ್ದದ್ದಕ್ಕಿಂತ ಹೆಚ್ಚಿಗೆ ಮಾತು ಕೊಡೋದು.

ಇದು ಬೇಜವಾಬ್ದಾರಿ ಅಂತ ಅನ್ನಿಸಬಹುದು. ಆದ್ರೆ ಕಾರಣ ಇದೆ. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದನ್ನ ಶುರು ಮಾಡಬೇಕಾದ್ರೆ ಮೊದಲು ತನ್ನದೇ ಒಂದು ನಕಲು ಮಾಡಿಕೊಳ್ತದೆ. 500 ಎಂಬಿ ಬಳಸೋ ಪ್ರೋಗ್ರಾಮ್ ನಕಲು ಮಾಡಿಕೊಂಡ ಕ್ಷಣ ಪುಸ್ತಕದ ಲೆಕ್ಕ 1000 ಎಂಬಿ ಆಗ್ತದೆ. ನಿಜದಲ್ಲಿ ಎರಡನೇ 500ರಲ್ಲಿ ಹೆಚ್ಚಿನಂಶ ಯಾರೂ ಮುಟ್ಟೋದೇ ಇಲ್ಲ. ಪೈಸೆ ಪೈಸೆ ಲೆಕ್ಕ ಹಾಕಿದ್ರೆ ಮಷಿನ್‌ನಲ್ಲಿ ಜಾಗ ಇದ್ದೂ ಕೆಲಸ ನಿಲ್ಲಬೇಕಾಗ್ತದೆ.

ಹಂಗಾಗಿ ಮಾತು ಕೊಡ್ತಾರೆ. ದಿನಾ ಅದು ನಡೆದು ಹೋಗ್ತದೆ. ಯಾವತ್ತೋ ಒಂದು ದಿನ ಎಲ್ಲರೂ ಒಟ್ಟಿಗೆ ತಮ್ಮ ಪಾಲು ಕೇಳ್ತಾರೆ. ಸಾವಿರ ಕಾರ್ಡಿಗೆ ಸಾವಿರ ಮಂದಿಯೂ ಊಟಕ್ಕೆ ಬಂದ ದಿನ ಅದು. ಬ್ಯಾಂಕ್ ಆಗಿದ್ರೆ ರಿಸರ್ವ್ ಬ್ಯಾಂಕ್ ಕಡೆ ನೋಡಬಹುದು. ಕಂಪ್ಯೂಟರ್ ಆದ್ರೆ ಕೆಲವು ಸಾಮಾನನ್ನ ಡಿಸ್ಕಿಗೆ ಸಾಗಿಸಿ ಸ್ವಲ್ಪ ಹೊತ್ತು ತಳ್ಳಬಹುದು; ಇದಕ್ಕೆ ಸ್ವಾಪ್ ಅಂತಾರೆ. ಅದೂ ತುಂಬಿದ್ರೆ ಯಾರನ್ನೋ ಪಂಕ್ತಿಯಿಂದ ಎಬ್ಬಿಸಲೇಬೇಕು. ಎಬ್ಬಿಸದಿದ್ರೆ ಇಡೀ ಮಷಿನ್ ಕಲ್ಲಿನ ಹಂಗೆ ನಿಂತು ಬಿಡ್ತದೆ.

ಗುಣಿಸಿ, ಭಾಗಿಸಿ, ಕೊಲ್ಲು

ಇಲ್ಲಿಂದ ಚರಿತ್ರೆ ಕವಲೊಡೀತದೆ. 1990ರಲ್ಲಿ ಐಬಿಎಂ ತನ್ನ ಹೊಸ ಮಷಿನ್‌ಗಳ ಜೊತೆ ಎಐಎಕ್ಸ್ ಅನ್ನೋ ಯುನಿಕ್ಸ್‌ನ 3ನೇ ಆವೃತ್ತಿ ತಂತು. ಅದೂ ಓವರ್‌ಕಮಿಟ್ ಮಾಡ್ತಿತ್ತು. ಆದ್ರೆ ಜಾಗ ಮುಗೀತಾ ಬಂದಾಗ ಮೊದಲು ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದು ಎಚ್ಚರಿಕೆ ಕಳಿಸ್ತಿತ್ತು. ಅದರ ಹೆಸರೇ ಸಿಗ್‌ಡೇಂಜರ್. ಅರ್ಥ ಇಷ್ಟೇ: "ಅಪಾಯ ಬಂದಿದೆ, ಬೇಡದ್ದು ಬಿಟ್ಟುಕೊಡ್ರಿ, ಕೆಲಸ ಉಳಿಸಿಕೊಳ್ರಿ." ಅದಾದ ಮೇಲೂ ಜಾಗ ಸಾಲದಿದ್ರೆ, ಈ ಎಚ್ಚರಿಕೆ ಕೇಳಿಸಿಕೊಳ್ಳೋ ಏರ್ಪಾಡು ಮಾಡಿಕೊಳ್ಳದವರನ್ನ ಕೊಲ್ಲೋಕೆ ಶುರು.

ಲಿನಕ್ಸ್ ಬೇರೆ ದಾರಿ ಹಿಡೀತು. ನೆದರ್ಲೆಂಡ್ಸ್‌ನ ರಿಕ್ ವಾನ್ ರೀಲ್ ಅನ್ನೋ ಪ್ರೋಗ್ರಾಮರ್ 1998ರ ಸುಮಾರಿಗೆ ಒಂದು ತುಣುಕು ಬರೆದ್ರು. ಇವತ್ತಿಗೂ ಆ ಫೈಲಿನ ತಲೆ ಮೇಲೆ 1998, 2000 ಅನ್ನೋ ಇಸವಿಗಳ ಜೊತೆ ಅವರ ಹೆಸರಿದೆ. ಅದಕ್ಕೆ ಓಓಎಂ ಕಿಲ್ಲರ್ ಅಂತ ಹೆಸರು. ಔಟ್ ಆಫ್ ಮೆಮೊರಿ ಆದಾಗ ಬರೋ ಕೊಲೆಗಾರ. ಇದು ಎಚ್ಚರಿಕೆ ಕೊಡೋದಿಲ್ಲ. ಲೆಕ್ಕ ಹಾಕ್ತದೆ, ಒಬ್ಬರನ್ನ ಆರಿಸ್ತದೆ, ಮುಗಿಸ್ತದೆ.

ಆ ಲೆಕ್ಕದ ಹೆಸರು ಬ್ಯಾಡ್‌ನೆಸ್. ಕೆಟ್ಟತನದ ಅಂಕ ಅನ್ನಬಹುದು. ಸೂತ್ರ ಹೀಗಿತ್ತು. ಪ್ರೋಗ್ರಾಮ್ ಎಷ್ಟು ಮೆಮೊರಿ ಹಿಡಿದಿದೆಯೋ ಅದೇ ಆರಂಭದ ಅಂಕ. ಅದು ಎಷ್ಟು ದುಡಿದಿದೆ ಅನ್ನೋದರ ವರ್ಗಮೂಲದಿಂದ ಭಾಗಿಸು. ಎಷ್ಟು ಕಾಲದಿಂದ ಬದುಕಿದೆ ಅನ್ನೋದರ ನಾಲ್ಕನೇ ಮೂಲದಿಂದ ಮತ್ತೆ ಭಾಗಿಸು. ಅಂದ್ರೆ ಹಳಬರಿಗೆ, ಬಹಳ ದುಡಿದವರಿಗೆ ರಿಯಾಯಿತಿ. "ನನ್ನದೇನೂ ಅವಸರ ಇಲ್ಲ, ಬೇರೆಯವರ ಕೆಲಸ ಆದ ಮೇಲೆ ನೋಡ್ರಿ" ಅಂತ ಹಿಂದೆ ನಿಂತ ಪ್ರೋಗ್ರಾಮ್ ಇದ್ರೆ ಅದರ ಅಂಕ ಎರಡು ಪಟ್ಟು. ಮಷಿನ್‌ನ ಮಾಲೀಕನ, ಅಂದ್ರೆ ರೂಟ್‌ನ ಪ್ರೋಗ್ರಾಮ್ ಆಗಿದ್ರೆ ನಾಲ್ಕರಿಂದ ಭಾಗ. ಕೊನೆಗೆ ಯಾರ ಅಂಕ ಹೆಚ್ಚೋ ಅವರ ಕಥೆ ಮುಗೀತು.

ಸ್ವಲ್ಪ ನಿಂತು ಯೋಚಿಸ್ರಿ. ಇದರಲ್ಲಿ ಯಾವುದೂ ನಿಸರ್ಗದ ನಿಯಮ ಅಲ್ಲ. ಹಿರಿಯರಿಗೆ ಮರ್ಯಾದೆ, ಮಾಲೀಕನಿಗೆ ವಿನಾಯಿತಿ, ತಾನಾಗಿ ಹಿಂದೆ ಸರಿದು ನಿಂತವನಿಗೆ ಡಬಲ್ ಪೆಟ್ಟು. ಇವೆಲ್ಲ ಒಬ್ಬ ಮನುಷ್ಯ ಕೂತು ಯೋಚಿಸಿ ಮಾಡಿದ ತೀರ್ಮಾನಗಳು. ಕೆಟ್ಟ ಉದ್ದೇಶದ್ದೇನಲ್ಲ. ಕಡಿಮೆ ಕೆಲಸ ಹಾಳಾಗಬೇಕು, ಹೆಚ್ಚು ಜಾಗ ಬಿಡುಗಡೆ ಆಗಬೇಕು, ಆದಷ್ಟು ಒಬ್ಬರನ್ನೇ ಕೊಲ್ಲಬೇಕು, ಬಳಸೋರಿಗೆ ಆಶ್ಚರ್ಯ ಆಗಬಾರದು ಅನ್ನೋ ಗುರಿಗಳನ್ನ ಆ ಫೈಲಿನಲ್ಲೇ ಬರೆದಿಟ್ಟಿದ್ರು. ಆದ್ರೂ ತೀರ್ಮಾನ ತೀರ್ಮಾನವೇ.

ಹಂಗಾಗಿ ಜಗಳವೂ ಆಯ್ತು. 2004ರಲ್ಲಿ ಆಂಡ್ರೀಸ್ ಬ್ರೌವರ್ ಅನ್ನೋ ಇನ್ನೊಬ್ಬ ಡಚ್ ಪ್ರೋಗ್ರಾಮರ್ ಇದನ್ನ ಗೇಲಿ ಮಾಡಿ ಒಂದು ಕಥೆ ಕಟ್ಟಿದ್ರು. ಒಂದು ವಿಮಾನ ಕಂಪನಿ ಇಂಧನ ಕಡಿಮೆ ಹಾಕಿದ್ರೆ ಖರ್ಚು ಉಳೀತದೆ ಅಂತ ಕಂಡುಕೊಳ್ತದೆ. ಅಪರೂಪಕ್ಕೆ ಸಾಲದೆ ಬಂದಾಗ ಪ್ರಯಾಣಿಕರೊಬ್ಬರನ್ನ ಹೊರಗೆ ಎಸೆಯೋ ಯಂತ್ರ ಕೂಡಿಸ್ತದೆ. ಆಮೇಲೆ ಎಂಜಿನಿಯರುಗಳೆಲ್ಲ ಕೂತು, ಯಾರನ್ನ ಎಸೆಯಬೇಕು, ದಪ್ಪ ಇರೋರನ್ನಾ, ವಯಸ್ಸಾದವರನ್ನಾ, ಟಿಕೆಟ್‌ಗೆ ಹೆಚ್ಚು ಕೊಟ್ಟವರಿಗೆ ವಿನಾಯಿತಿ ಇರಬೇಕಾ ಅಂತ ಚರ್ಚೆ ಮಾಡ್ತಾರೆ. ಇಂಧನ ಯಾಕೆ ಕಡಿಮೆ ಹಾಕಿದ್ರಿ ಅಂತ ಮಾತ್ರ ಯಾರೂ ಕೇಳೋದಿಲ್ಲ. ಈ ಕಥೆ ಪ್ರೋಗ್ರಾಮರುಗಳ ನಡುವೆ ಇವತ್ತಿಗೂ ಓಡಾಡ್ತದೆ.

2010ರಲ್ಲಿ ಗೂಗಲ್‌ನ ಡೇವಿಡ್ ರೈಂಟ್ಜಸ್ ಸೂತ್ರವನ್ನ ಹೊಸದಾಗಿ ಬರೆದ್ರು. ವರ್ಗಮೂಲ ಎಲ್ಲ ಹೋಯ್ತು. ಒಟ್ಟು ಮೆಮೊರಿಯಲ್ಲಿ ನಿನ್ನ ಪಾಲೆಷ್ಟು, ಅದು ಸಾವಿರಕ್ಕೆ ಎಷ್ಟು ಅನ್ನೋದೇ ಅಂಕ. ಅದರ ಮೇಲೆ ಮೈನಸ್ 1000ರಿಂದ ಪ್ಲಸ್ 1000ರವರೆಗೆ ಒಂದು ತಿದ್ದುಪಡಿ ಹಾಕೋಕೆ ಅವಕಾಶ. ಮೈನಸ್ 1000 ಸಿಕ್ಕವರನ್ನ ಮುಟ್ಟೋ ಹಾಗೇ ಇಲ್ಲ. ಮಾಲೀಕನಿಗೆ ಸಿಗ್ತಿದ್ದ ವಿನಾಯಿತಿ ಶೇ. 3ಕ್ಕೆ ಇಳೀತು. 2018ರಲ್ಲಿ ಅದನ್ನೂ ತೆಗೆದು ಹಾಕಿದ್ರು. ಒಂದು ವಿಐಪಿ ಕೋಟಾ ಹೋಗೋಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ.

ಬೆಂಗಳೂರಿನ ಒಂದು ಪುಟ್ಟ ಯಂತ್ರ

ಇಷ್ಟೂ ಹೊತ್ತು ದೊಡ್ಡ ಕಂಪ್ಯೂಟರ್‌ಗಳ ಮಾತಾಯ್ತು. ಕೈಯಲ್ಲಿ ಹಿಡಿಯೋ ಯಂತ್ರಕ್ಕೆ ಲಿನಕ್ಸ್ ಬಂದಾಗ ಏನಾಯ್ತು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಮುಖ್ಯ ಉದಾಹರಣೆ ಇದೆ. ಆಂಡ್ರಾಯ್ಡ್‌ಗಿಂತ ಏಳು ವರ್ಷ ಮೊದಲು, 2001ರಲ್ಲಿ, ಬೆಂಗಳೂರಿನಲ್ಲಿ ಸಿಂಪ್ಯೂಟರ್ ಅನ್ನೋ ಯಂತ್ರ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಮಾಡಿದ್ದು. ಓದು ಬರಹ ಬಾರದವರೂ ಬಳಸಬೇಕು, ಬೆಲೆ ಹತ್ತು ಸಾವಿರದೊಳಗೆ ಇರಬೇಕು ಅನ್ನೋದು ಆಸೆ. ಕನ್ನಡದಲ್ಲಿ ಓದಿ ಹೇಳೋ "ಧ್ವನಿ" ಅನ್ನೋ ತಂತ್ರಾಂಶ ಹುಟ್ಟಿದ್ದೂ ಈ ಕೆಲಸದಿಂದಲೇ.

ಮೊದಲ ವಿನ್ಯಾಸದಲ್ಲಿ ಅದರ ರ‍್ಯಾಮ್ 32 ಎಂಬಿ. ಇವತ್ತಿನ 4 ಜಿಬಿ ಫೋನಿಗೆ ಹೋಲಿಸಿದ್ರೆ 128ರಲ್ಲಿ ಒಂದು ಪಾಲು. ಹಾರ್ಡ್ ಡಿಸ್ಕ್ ಇಲ್ಲ.

ನನಗೆ ಈ ಯಂತ್ರದಲ್ಲಿ ಇಷ್ಟ ಆಗಿದ್ದು ಒಂದು ವಿಚಾರ. ಒಂದೂರಿಗೆ ಒಂದೇ ಸಿಂಪ್ಯೂಟರ್ ಇದ್ರೂ ನಡೀಬೇಕು ಅಂತ ಅವರು ಅಂದುಕೊಂಡಿದ್ರು. ಹಂಗಾಗಿ ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ. ಕಾರ್ಡ್ ಹಾಕು, ಕೆಲಸ ಮುಗಿಸು, ಕಾರ್ಡ್ ತಗೊಂಡು ಹೋಗು. ಯಂತ್ರದ ಮೆಮೊರಿ ಯಾರ ಸ್ವಂತದ್ದೂ ಅಲ್ಲ. ಹಳ್ಳಿಯ ಕಟ್ಟೆ ಇದ್ದ ಹಾಗೆ, ಕೂತು ಎದ್ದು ಹೋಗೋ ಜಾಗ. ನಿನ್ನದು ಅನ್ನೋದು ನಿನ್ನ ಕಿಸೆಯಲ್ಲಿರಲಿ. ಸಿಂಪ್ಯೂಟರ್ ಕೆಲವೇ ಸಾವಿರ ಮಾರಾಟ ಆಗಿ ನಿಂತು ಹೋಯ್ತು. ಆದ್ರೆ ಆ ವಿಚಾರವನ್ನ ನೆನಪಿಟ್ಕೋರಿ, ಮುಂದೆ ಬೇಕಾಗ್ತದೆ.

ಕಣ್ಣಿಗೆ ಕಂಡವರು ಉಳೀತಾರೆ

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್, ಎಚ್‌ಟಿಸಿ ಡ್ರೀಮ್, ಮಾರುಕಟ್ಟೆಗೆ ಬಂತು. ರ‍್ಯಾಮ್ 192 ಎಂಬಿ. ಡೆಸ್ಕ್‌ಟಾಪ್ ಹಂಗೆ ಡಿಸ್ಕಿಗೆ ಸಾಗಿಸೋಕೂ ಆಗೋದಿಲ್ಲ, ಯಾಕಂದ್ರೆ ಫೋನಿನ ಫ್ಲ್ಯಾಶ್ ಮೆಮೊರಿಗೆ ಪದೇ ಪದೇ ಬರೆದ್ರೆ ಸವೀತದೆ. ಹಂಗಾಗಿ ಆಂಡ್ರಾಯ್ಡ್ ಮಾಡಿದವರು ಒಂದು ನಿರ್ಧಾರಕ್ಕೆ ಬಂದ್ರು. ದೊಡ್ಡ ಕಂಪ್ಯೂಟರಿನಲ್ಲಿ ಕೊಲ್ಲೋದು ಕೊನೆಯ ಉಪಾಯ. ಫೋನಿನಲ್ಲಿ ಅದು ದಿನಚರಿ. ಜಾಗ ಪೂರ್ತಿ ಮುಗಿಯೋದಕ್ಕಿಂತ ಮೊದಲೇ ಕೊಲ್ಲೋಕೆ ಲೋ ಮೆಮೊರಿ ಕಿಲ್ಲರ್ ಅನ್ನೋ ಬೇರೆ ವ್ಯವಸ್ಥೆಯನ್ನೇ ಮಾಡಿದ್ರು.

ಇದರ ಅಂಕಪಟ್ಟಿ ನೋಡ್ರಿ. ಇವತ್ತಿನ ಆಂಡ್ರಾಯ್ಡ್‌ನಲ್ಲಿ ನಿಮ್ಮ ಕಣ್ಣ ಮುಂದೆ ತೆರೆದಿರೋ ಆ್ಯಪ್‌ಗೆ 0. ಅರ್ಧ ಕಾಣ್ತಾ ಇರೋದಕ್ಕೆ 100. ಹಾಡು ಹಾಕೋ ಆ್ಯಪ್ ಹಂಗೆ, ಕಾಣದಿದ್ರೂ ನಿಮ್ಮ ಗಮನಕ್ಕೆ ಬರೋದಕ್ಕೆ 200. ಈಗ ತಾನೇ ಬಿಟ್ಟು ಬಂದ ಆ್ಯಪ್‌ಗೆ 700. ಅದಕ್ಕೂ ಹಿಂದಿನವು 900ರ ಮೇಲೆ. ಅಂಕ ಹೆಚ್ಚಾದಷ್ಟೂ ಸಾವು ಹತ್ತಿರ. ಇಲ್ಲಿ ದುಡಿಮೆ, ವಯಸ್ಸು ಯಾವುದೂ ಲೆಕ್ಕಕ್ಕಿಲ್ಲ. ಬಳಸೋರ ಕಣ್ಣಿಗೆ ಬೀಳ್ತೀಯಾ, ಕಿವಿಗೆ ಕೇಳ್ತೀಯಾ ಅನ್ನೋದೇ ಅಳತೆ. ಓಟಿಪಿ ನೋಡೋಕೆ ಮೆಸೇಜಿಗೆ ಹೋದಾಗ ನಿಮ್ಮ ಅರ್ಜಿಯ ಆ್ಯಪ್ 0ಯಿಂದ 700ಕ್ಕೆ ಜಿಗೀತದೆ. ಮೆಮೊರಿ ಧಾರಾಳ ಇದ್ರೆ ಏನೂ ಆಗೋದಿಲ್ಲ. ಕಡಿಮೆ ಇದ್ರೆ ಮೊದಲು 900ರವರು ಹೋಗ್ತಾರೆ, ಆಮೇಲೆ ಅದರ ಸರದಿ.

ಇದಕ್ಕೆ ಆಂಡ್ರಾಯ್ಡ್ ಒಂದು ಪರಿಹಾರವನ್ನೂ ಇಟ್ಟಿದೆ. ನೀವು ಒಂದು ಪರದೆ ಬಿಟ್ಟು ಹೋಗೋವಾಗ ಅದು ಆ್ಯಪ್‌ಗೆ ಹೇಳ್ತದೆ: "ನಿನ್ನನ್ನ ಯಾವಾಗ ಬೇಕಾದ್ರೂ ಕೊಲ್ಲಬಹುದು. ಈಗ ಎಲ್ಲಿದ್ದೆ, ಏನು ಬರೆದಿದ್ದೆ ಅಂತ ಒಂದು ಸಣ್ಣ ಚೀಟಿ ಬರೆದು ಕೊಡು. ಮತ್ತೆ ಹುಟ್ಟಿದಾಗ ವಾಪಸ್ ಕೊಡ್ತೀನಿ." ಚೀಟಿ ಸರಿಯಾಗಿ ಬರೆದಿದ್ರೆ ಆ್ಯಪ್ ಸತ್ತು ಮತ್ತೆ ಹುಟ್ಟಿದ್ದೂ ನಿಮಗೆ ಗೊತ್ತಾಗೋದಿಲ್ಲ. ಸಿಂಪ್ಯೂಟರಿನ ಕಾರ್ಡ್ ನೆನಪಾಯ್ತಾ? ಮೆಮೊರಿ ನಂಬಬೇಡ, ನಿನ್ನದನ್ನ ಹೊರಗೆ ಬರೆದಿಡು. ಅದೇ ಬುದ್ಧಿ.

ಅಂದ್ರೆ ಖಾಲಿ ಫಾರ್ಮಿನ ಹಿಂದೆ ಎರಡು ಕೈ ಇವೆ. ಕೊಂದಿದ್ದು ಆಪರೇಟಿಂಗ್ ಸಿಸ್ಟಮ್. ಚೀಟಿ ಬರೆಯದೆ ಬಿಟ್ಟಿದ್ದು ಆ್ಯಪ್ ಮಾಡಿದವರು. ಕೊಲ್ಲೋದನ್ನ ತಪ್ಪಿಸೋಕೆ ಆಗೋದಿಲ್ಲ ಅನ್ನಬಹುದು. ಚೀಟಿ ಬರೆಯೋದಕ್ಕೆ ಆಗಲ್ಲ ಅನ್ನೋ ಹಾಗಿಲ್ಲ.

ಯಾರ ಫೋನಿನಲ್ಲಿ ಸಾವು ಹೆಚ್ಚು

ಇಷ್ಟಾದ್ರೆ ಇದು ಬರೀ ತಾಂತ್ರಿಕ ಕಥೆ. ನನಗೆ ಇದು ನಮ್ಮ ಭಾಗದ ಕಥೆ ಅಂತ ಅನ್ನಿಸೋದು ಮುಂದಿನ ಕಾರಣಕ್ಕೆ.

ಭಾರತಕ್ಕೆ ಅಂತಲೇ ಬಂದ ಅಗ್ಗದ ಫೋನ್‌ಗಳ ಪಟ್ಟಿ ನೋಡ್ರಿ. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಫೋನ್ ತಂತು. ರ‍್ಯಾಮ್ 128 ಎಂಬಿ. ಅದರ ತಿರುಳೂ ಲಿನಕ್ಸೇ. ಮುಂದಿನ ತಿಂಗಳೇ ಸುಂದರ್ ಪಿಚೈ ದಿಲ್ಲಿಯಲ್ಲಿ ಆಂಡ್ರಾಯ್ಡ್ ಒನ್ ಬಿಡುಗಡೆ ಮಾಡಿದ್ರು. ರ‍್ಯಾಮ್ 1 ಜಿಬಿ. 2017ರಲ್ಲಿ ಜಿಯೋಫೋನ್ ಬಂತು: 1,500 ರೂಪಾಯಿ ಠೇವಣಿ, 512 ಎಂಬಿ. ಅದೇ ವರ್ಷ ಗೂಗಲ್ 1 ಜಿಬಿ ಮತ್ತು ಅದಕ್ಕಿಂತ ಕಡಿಮೆ ರ‍್ಯಾಮ್ ಫೋನ್‌ಗಳಿಗೆ ಅಂತ ಆಂಡ್ರಾಯ್ಡ್ ಗೋ ಘೋಷಿಸಿತು.

ಕೊಲೆ ಕಡಿಮೆ ಮಾಡೋ ಪ್ರಯತ್ನವೂ ಜೊತೆಜೊತೆಗೆ ನಡೀತು. ನಿತಿನ್ ಗುಪ್ತಾ ಅನ್ನೋ ಪ್ರೋಗ್ರಾಮರ್ ಶುರು ಮಾಡಿದ ಒಂದು ಕೆಲಸ, ಈಗ ಅದಕ್ಕೆ ಝಡ್‌ರ‍್ಯಾಮ್ ಅಂತಾರೆ, 2014ರಲ್ಲಿ ಲಿನಕ್ಸ್‌ನ ಮುಖ್ಯ ಭಾಗಕ್ಕೆ ಸೇರಿತು. ಇಳಕಲ್ ಸೀರೆ ಅಂಗಡಿಯಲ್ಲಿ ಬಿಚ್ಚಿ ಹರವಿದ ಸೀರೆಗಳನ್ನ ಮಡಚಿ ಇಟ್ರೆ ಅದೇ ಗಾದಿ ಮೇಲೆ ಇನ್ನೂ ನಾಲ್ಕು ಸೀರೆ ಹಿಡೀತಾವಲ್ಲ, ಹಂಗೆ. ಬಳಸದೆ ಬಿದ್ದಿರೋ ಮೆಮೊರಿಯನ್ನ ಕುಗ್ಗಿಸಿ ಮಡಚಿ ಇಡ್ತದೆ. ಮತ್ತೆ ಬಿಚ್ಚೋಕೆ ಸ್ವಲ್ಪ ಹೊತ್ತು ಬೇಕು, ಆದ್ರೆ ಒಂದು ಆ್ಯಪ್ ಉಳೀತದೆ. 2018ರ ಕೊನೆಗೆ ಬಂದ ಪಿಎಸ್‌ಐ ಅನ್ನೋ ಅಳತೆ ಇನ್ನೊಂದು. ಮೆಮೊರಿ ಎಷ್ಟು ಖಾಲಿ ಇದೆ ಅನ್ನೋದನ್ನ ಬಿಟ್ಟು, ಅದಕ್ಕಾಗಿ ಕೆಲಸ ಎಷ್ಟು ಹೊತ್ತು ಕಾಯ್ತಾ ನಿಂತಿದೆ ಅಂತ ಇದು ಅಳೀತದೆ. ಆಂಡ್ರಾಯ್ಡ್ 10ರಿಂದ ಈ ಅಳತೆ ನೋಡಿ ಕೊಲ್ಲೋದು ಬಿಡೋದು ತೀರ್ಮಾನ ಆಗ್ತದೆ.

ಆದ್ರೂ ಮೂಲ ಮಾತು ಬದಲಾಗಿಲ್ಲ. ಆ್ಯಪ್ ಬರೆಯೋರ ಮೇಜಿನ ಮೇಲಿನ ಫೋನಿನಲ್ಲಿ ಸಾಮಾನ್ಯವಾಗಿ ರ‍್ಯಾಮ್ ಧಾರಾಳ ಇರ್ತದೆ. ಅಲ್ಲಿ ಕೊಲೆಯೇ ಅಪರೂಪ. ಹಂಗಾಗಿ ಚೀಟಿ ಬರೆಯದಿದ್ದ ತಪ್ಪು ಅವರ ಕಣ್ಣಿಗೆ ಬೀಳೋದಿಲ್ಲ. ಅದು ಕಾಣೋದು 2 ಜಿಬಿ ಫೋನ್ ಇಟ್ಟುಕೊಂಡವರಿಗೆ.

2020ರ ಮುಂಗಾರಿನಲ್ಲಿ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆ ವಿವರವನ್ನ ಫೋನಿನಲ್ಲಿ ದಾಖಲಿಸೋ ಬೆಳೆ ಸಮೀಕ್ಷೆ ಬಂತು. ಇಂಥ ಯಾವುದೇ ಕೆಲಸದ ಸ್ವರೂಪ ಯೋಚಿಸ್ರಿ. ಹುನಗುಂದದ ಕಡೆ ಎರಿ ಹೊಲದಲ್ಲಿ ಒಬ್ಬರು ನಿಂತಿದಾರೆ. ಸರ್ವೆ ನಂಬರ್ ಹಾಕಬೇಕು, ಜಿಪಿಎಸ್ ಹಿಡೀಬೇಕು, ಬೆಳೆಯ ಫೋಟೋ ತೆಗೀಬೇಕು. ಒಂದು ಆ್ಯಪ್ ಫೋಟೋಗೆ ಅಂತ ಫೋನಿನ ಕ್ಯಾಮೆರಾ ಆ್ಯಪ್ ತೆರೆದ್ರೆ, ಕ್ಯಾಮೆರಾ ಬಹಳ ಮೆಮೊರಿ ತಿನ್ನೋ ಪ್ರಾಣಿ, ಹಿಂದೆ ಸರಿದ ಫಾರ್ಮಿನ ಆ್ಯಪ್ ಮೇಲೆಯೇ ಕತ್ತಿ ಬೀಳೋ ಸಾಧ್ಯತೆ ಹೆಚ್ಚು. ಫೋಟೋ ಚೆನ್ನಾಗಿ ಬಂದಿರ್ತದೆ, ಅದನ್ನ ಕೇಳಿದ ಆ್ಯಪೇ ಸತ್ತಿರ್ತದೆ. ಆಂಡ್ರಾಯ್ಡ್ ಪ್ರೋಗ್ರಾಮರುಗಳಿಗೆ ಇದು ಬಹಳ ಹಳೇ, ಗೊತ್ತಿರೋ ತೊಂದರೆ. ಫಾರ್ಮು ಹೋದ್ರೆ ಆ ರೈತರು "ನನಗೆ ಫೋನ್ ಸರಿಯಾಗಿ ಬಳಸಾಕ ಬರಾಂಗಿಲ್ಲ" ಅಂತ ತಮ್ಮನ್ನೇ ಬೈಕೋತಾರೆ. ನನ್ನ ಸಿಟ್ಟು ಇರೋದು ಇಲ್ಲಿ. ಸಾವಿನ ಸುದ್ದಿ ತಿಳಿಸದ ವ್ಯವಸ್ಥೆಯಲ್ಲಿ ತಪ್ಪು ಯಾವಾಗಲೂ ಬಳಸೋರ ತಲೆಗೇ ಬಂದು ಕೂರ್ತದೆ.

ಹಡಗಿನ ನ್ಯಾಯ

ಆಪಲ್ ಕಂಪನಿ ತನ್ನ ಐಫೋನಿನ ಇಂಥದ್ದೇ ವ್ಯವಸ್ಥೆಗೆ ಜೆಟ್ಸಮ್ ಅಂತ ಹೆಸರಿಟ್ಟಿದೆ. 2007ರ ಮೊದಲ ಐಫೋನಿನ ರ‍್ಯಾಮ್ 128 ಎಂಬಿ. ಜೆಟ್ಸಮ್ ಅನ್ನೋದು ಹಡಗಿನವರ ಪದ. ಬಿರುಗಾಳಿಯಲ್ಲಿ ಹಡಗು ಮುಳುಗೋ ಹಂಗಾದಾಗ ಭಾರ ಇಳಿಸೋಕೆ ಸಮುದ್ರಕ್ಕೆ ಎಸೆದ ಸರಕು.

ಈ ಪದ ಸಿಕ್ಕಾಗ ನನಗೆ ವಿಮಾ ಪಾಠದ ಒಂದು ತತ್ವ ನೆನಪಾಯ್ತು. ಅದರ ಹೆಸರು ಜನರಲ್ ಆವರೇಜ್. ಗ್ರೀಕ್ ದ್ವೀಪ ರೋಡ್ಸ್‌ನ ಪ್ರಾಚೀನ ಸಮುದ್ರ ಕಾನೂನಿನಿಂದ ಬಂದದ್ದು ಅಂತಾರೆ. ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯಲ್ಲೂ ಇದೆ. ಹಡಗು ಉಳಿಸೋಕೆ ಒಬ್ಬ ವ್ಯಾಪಾರಿಯ ಸರಕು ಎಸೆದ್ರೆ ಆ ನಷ್ಟ ಅವನೊಬ್ಬನದಲ್ಲ. ಯಾರ ಯಾರ ಸರಕು ಉಳೀತೋ ಅವರೆಲ್ಲ, ಹಡಗಿನ ಮಾಲೀಕನೂ ಸೇರಿ, ಪಾಲು ಹಾಕಿ ತುಂಬಿಕೊಡಬೇಕು. ಎಸೆಯೋದು ತಪ್ಪು ಅಂತ ಈ ಕಾನೂನು ಹೇಳೋದಿಲ್ಲ. ಎಲ್ಲರಿಗಾಗಿ ಹೋದದ್ದರ ಲೆಕ್ಕ ಎಲ್ಲರ ಮೇಲೆ ಇರಲಿ ಅಂತದೆ.

ಬಾಗಲಕೋಟೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ರು. ನೀರಿನ ಮಟ್ಟ 519.6 ಮೀಟರ್ ಅನ್ನೋ ಒಂದೇ ಅಂಕಿ ಯಾರ ಮನೆ ಉಳೀಬೇಕು, ಯಾರದು ಮುಳುಗಬೇಕು ಅನ್ನೋದನ್ನ ತೀರ್ಮಾನ ಮಾಡಿತು. ಹಳೇ ಊರಿನ ಭಾಗಗಳು ಹಿನ್ನೀರಿಗೆ ಹೋದ್ವು, ನವನಗರ ಎದ್ದಿತು. 2010ರ ನ್ಯಾಯಮಂಡಳಿ ತೀರ್ಪಿನ 524.256 ಮೀಟರ್ ಅನ್ನೋ ಇನ್ನೊಂದು ಅಂಕಿ ಇಲ್ಲಿನ ಎಷ್ಟೋ ಮನೆಗಳ ಮಾತುಕತೆಯಲ್ಲಿ ಇದೆ. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಾ ಇಲ್ಲ. ಆ್ಯಪ್ ಮತ್ತೆ ತೆರೀತದೆ, ಮುಳುಗಿದ ಓಣಿ ತೆರೆಯೋದಿಲ್ಲ. ಆದ್ರೆ ನೋಟಿಸ್ ಮತ್ತು ಪರಿಹಾರ ಅನ್ನೋ ಎರಡು ಶಬ್ದದ ತೂಕ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಒಂದು ಅಂಕಿ ಯಾರನ್ನೋ ಎಬ್ಬಿಸುವಾಗ ಈ ಎರಡು ಇದಾವಾ ಅಂತ ಕೇಳೋದನ್ನ ನಾವು ಕಲಿತಿದ್ದೀವಿ.

ಸಾಫ್ಟ್‌ವೇರ್‌ಗೂ ಅದನ್ನೇ ಕೇಳಬಹುದು. ನೋಟಿಸ್ ಅಂದ್ರೆ, ಮತ್ತೆ ತೆರೆದಾಗ "ಫೋನಿನಲ್ಲಿ ಮೆಮೊರಿ ಸಾಲದೆ ಆ್ಯಪ್ ಮುಚ್ಚಿತ್ತು, ನಿಮ್ಮ ತಪ್ಪಲ್ಲ" ಅನ್ನೋ ಒಂದು ಸಾಲು, ಕನ್ನಡದಲ್ಲಿ. ಆಂಡ್ರಾಯ್ಡ್ 11ರಿಂದ ಈಚೆಗೆ, ತನ್ನ ಹಿಂದಿನ ಜನ್ಮ ಯಾಕೆ ಮುಗೀತು ಅಂತ ಆ್ಯಪ್ ಸಿಸ್ಟಮ್‌ನ ಕೇಳೋ ಸೌಲಭ್ಯ ಇದೆ. ಪರಿಹಾರ ಅಂದ್ರೆ, ತುಂಬಿದ ಫಾರ್ಮು ತುಂಬಿದ ಹಾಗೇ ಸಿಗೋದು. ಎರಡೂ ಇವತ್ತು ಸಾಧ್ಯ. ಮಾಡಬೇಕು ಅನ್ನೋ ಮನಸ್ಸು ಮತ್ತು 2 ಜಿಬಿಯ ಒಂದು ಫೋನಿನಲ್ಲಿ ಪರೀಕ್ಷೆ ಮಾಡಿ ನೋಡೋ ತಾಳ್ಮೆ ಬೇಕು.

ಕೊನೆಗೆ ನಿಮಗೆ ಉಪಯೋಗಕ್ಕೆ ಬರೋ ಮೂರು ಮಾತು. ಒಂದು, "ರ‍್ಯಾಮ್ ಕ್ಲೀನರ್" ಆ್ಯಪ್‌ಗಳ ಸಹವಾಸ ಬೇಡ. ಅವು ಕೊಂದದ್ದು ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ತದೆ, ಆ ಓಡಾಟಕ್ಕೆ ಬ್ಯಾಟರಿ ಖರ್ಚು. ಎರಡು, ಮುಖ್ಯವಾದ ಅರ್ಜಿ ತುಂಬೋವಾಗ ಓಟಿಪಿಯನ್ನ ಮೇಲಿಂದ ಇಳಿಯೋ ನೋಟಿಫಿಕೇಷನ್‌ನಲ್ಲೇ ನೋಡ್ರಿ, ಆ್ಯಪ್ ಬಿಟ್ಟು ಹೋಗಬೇಡ್ರಿ. ನಿಮ್ಮ ಆ್ಯಪ್ 0ಯಲ್ಲೇ ಉಳೀತದೆ. ಮೂರು, ಮನೆಯಲ್ಲಿ ಅಪ್ಪನೋ ಅವ್ವನೋ "ನಾನೇ ಏನೋ ತಪ್ಪು ಒತ್ತಿದೆ" ಅಂದ್ರೆ, ತಪ್ಪು ಅವರದಲ್ಲ ಅಂತ ಹೇಳ್ರಿ. ಬೇಕಾದ್ರೆ ಈ ಸಂಚಿಕೆ ಕೇಳಿಸ್ರಿ.

ನಿಮ್ಮಲ್ಲಿ ಯಾರಾದ್ರೂ ಆ್ಯಪ್ ಬರೆಯೋರು ಇದ್ರೆ, ನಿಮ್ಮ ಊರಿಗೆ ಹೋದಾಗ ಮನೆಯವರ ಹಳೇ ಫೋನ್ ತಗೊಂಡು ನೀವೇ ಮಾಡಿದ ಫಾರ್ಮು ಒಂದು ಸಲ ಪೂರ್ತಿ ತುಂಬಿ ನೋಡ್ರಿ. ನಡುವೆ ಕ್ಯಾಮೆರಾ ತೆರೀರಿ. ಏನಾಯ್ತು ಅಂತ ನಮಗೆ ಬರೆದು ತಿಳಿಸ್ರಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.